‘ಜೇಕಬ್ಸ್ ವೈಫ್’: ರಕ್ತಪಿಶಾಚಿಯ ದಾಂಪತ್ಯಕ್ಕೆ ವಿಮರ್ಶಕರ ಮನ್ನಣೆ

ಅಮೆರಿಕದ ನಿರ್ದೇಶಕ ಟ್ರಾವಿಸ್ ಸ್ಟೀವನ್ಸ್ ಅವರ ‘ಜೇಕಬ್ಸ್ ವೈಫ್’ ಚಿತ್ರದ ಪ್ರಥಮ ಪ್ರದರ್ಶನ 2021ರ ಮಾರ್ಚ್‌ನಲ್ಲಿ ಸೌತ್ ಬೈ ಸೌತ್‌ವೆಸ್ಟ್ ಚಿತ್ರೋತ್ಸವದಲ್ಲಿ ನಡೆಯಿತು. ಕೋವಿಡ್ ಕಾರಣದಿಂದ ಆ ವರ್ಷದ ಉತ್ಸವವನ್ನು ಅಂತರ್ಜಾಲದಲ್ಲೇ ಏರ್ಪಡಿಸಲಾಗಿತ್ತು. ಕತ್ತಲ ಚಿತ್ರಮಂದಿರದಲ್ಲಿ ನೂರಾರು ಮಂದಿಯ ಜತೆ ಬೆಚ್ಚಿ, ನಕ್ಕು ನೋಡಬೇಕಾದ ಚಿತ್ರವನ್ನು ವಿಮರ್ಶಕರು ಮನೆಯಲ್ಲೇ ಕುಳಿತು ನೋಡಬೇಕಾಯಿತು. ಹಾಗಿದ್ದೂ ಪ್ರತಿಕ್ರಿಯೆ ಬಹುಮಟ್ಟಿಗೆ ಅನುಕೂಲಕರವಾಗಿತ್ತು. ಏಪ್ರಿಲ್ 16ರಂದು ಆರ್‌ಎಲ್‌ಜೆಇ ಮತ್ತು ಶಡರ್ ಸಂಸ್ಥೆಗಳು ಚಿತ್ರವನ್ನು ಬಿಡುಗಡೆ ಮಾಡಿದವು.

ಕಥಾನಾಯಕಿ ಆನ್ ಫೆಡರ್ ಸಣ್ಣ ಊರಿನ ಪಾದ್ರಿಯ ಪತ್ನಿ. ಪತಿಯ ಮಾತಿಗೆ ತಲೆಯಾಡಿಸುವುದರಲ್ಲೇ 30 ವರ್ಷ ಕಳೆದುಹೋಗಿವೆ. ಪಾಳುಬಿದ್ದ ಗಿರಣಿಯೊಂದರಲ್ಲಿ ಹಳೆಯ ಪ್ರಿಯಕರನನ್ನು ಭೇಟಿಯಾಗಲು ಹೋದವಳ ಮೇಲೆ ‘ಮಾಸ್ಟರ್’ ಎಂಬ ಪಿಶಾಚಿ ಎರಗುತ್ತದೆ. ಆನಂತರ ಆಕೆಗೆ ರಕ್ತದ ದಾಹ. ಅದರೊಂದಿಗೆ ಮಾತನಾಡುವ ಧೈರ್ಯವೂ ಬರುತ್ತದೆ. ಶೀರ್ಷಿಕೆಯಲ್ಲಿ ಆಕೆಗೆ ಸ್ವಂತ ಹೆಸರೇ ಇಲ್ಲದಿರುವುದು ಆಕಸ್ಮಿಕವಲ್ಲ. ‘ಇಂಥವರ ಮನೆಯವರು’ ಎಂದೇ ಗುರುತಿಸಿಕೊಂಡು ಬಾಳಿದ ಹೆಂಗಸರನ್ನು ಬಲ್ಲ ನಮ್ಮ ಓದುಗರಿಗೆ ಇದನ್ನು ವಿವರಿಸಬೇಕಿಲ್ಲ.

ವಿಮರ್ಶಕರ ಗಮನವೆಲ್ಲ ಹರಿದದ್ದು ಆನ್ ಪಾತ್ರಧಾರಿ ಬಾರ್ಬರಾ ಕ್ರಾಂಪ್ಟನ್ ಅವರತ್ತ. ‘ರೀ-ಅನಿಮೇಟರ್’ (1985), ‘ಫ್ರಮ್ ಬಿಯಾಂಡ್’ (1986) ಚಿತ್ರಗಳಿಂದ ಭಯಾನಕ ಚಿತ್ರಪ್ರಿಯರಿಗೆ ಪರಿಚಿತರಾದ ಈ ನಟಿಗೆ ಬಿಡುಗಡೆಯ ವೇಳೆಗೆ 62 ವರ್ಷ. ಚಿತ್ರದ ನಿರ್ಮಾಪಕರಲ್ಲಿ ಅವರೂ ಒಬ್ಬರು. ಆ ವಯಸ್ಸಿನ ನಟಿಯರಿಗೆ ಈ ಬಗೆಯ ಚಿತ್ರಗಳಲ್ಲಿ ಸಾಮಾನ್ಯವಾಗಿ ದಕ್ಕುವುದು ತಾಯಿಯ ಪಾತ್ರ, ಇಲ್ಲವೇ ಮೊದಲ ಬಲಿಯ ಪಾತ್ರ. ಇಲ್ಲಿ ಆಸೆ, ಕೋಪ, ಹಾಸ್ಯ ಮೂರೂ ಅವರ ಪಾಲಿಗೆ ಬಂದಿವೆ. ಪತಿಯಾಗಿ ಲ್ಯಾರಿ ಫೆಸೆಂಡನ್ ಅವರ ಅಭಿನಯಕ್ಕೂ ಪ್ರಶಂಸೆ ದೊರೆಯಿತು. 1990ರ ದಶಕದಲ್ಲಿ ‘ಹ್ಯಾಬಿಟ್’ ಎಂಬ ಪಿಶಾಚಿ ಚಿತ್ರವನ್ನು ಸ್ವತಃ ನಿರ್ದೇಶಿಸಿ ನಟಿಸಿದ್ದ ಫೆಸೆಂಡನ್, ಜೇಕಬ್‌ನನ್ನು ಖಳನನ್ನಾಗಿಸದೆ, ಹೆಂಡತಿಯ ಮಾತು ಕೇಳಿಸಿಕೊಳ್ಳುವುದನ್ನೇ ಮರೆತ ಸಾಧಾರಣ ಗಂಡನನ್ನಾಗಿ ಕಾಣಿಸಿದ್ದಾರೆ. ಇವರಿಬ್ಬರೂ ‘ವಿ ಆರ್ ಸ್ಟಿಲ್ ಹಿಯರ್’ (2015) ಚಿತ್ರದಲ್ಲಿ ಜತೆಯಾಗಿ ನಟಿಸಿದ್ದರು. ಸ್ಟೀವನ್ಸ್ ಅದರ ನಿರ್ಮಾಪಕರು.

ಬಾನಿ ಆರನ್ಸ್ ನಟಿಸಿದ ‘ಮಾಸ್ಟರ್’ನ ಬೋಳುತಲೆ, ಇಲಿಹಲ್ಲುಗಳು 1922ರ ‘ನೊಸ್ಫೆರಾಟು’ವನ್ನು ನೆನಪಿಸುತ್ತವೆ. ಕಡಿಮೆ ವೆಚ್ಚದಲ್ಲಿಯೇ ಚಿಮ್ಮಿಸಿರುವ ರಕ್ತಧಾರೆಗಳು ಕೆಲವರಿಗೆ ಹಿತವೆನಿಸಿದರೆ ಕೆಲವರಿಗೆ ಅತಿಯೆನಿಸಿದವು.

ಆಕ್ಷೇಪ ಬಂದದ್ದು ಮುಖ್ಯವಾಗಿ ಧಾಟಿಯ ಬಗ್ಗೆ. ದಾಂಪತ್ಯದ ಗಂಭೀರ ಕಥನ, ಹಾಸ್ಯ ಮತ್ತು ರಕ್ತಪಾತ ಒಂದಕ್ಕೊಂದು ಹೊಂದುವುದಿಲ್ಲ ಎಂಬುದು ಅದರ ತಿರುಳು. ಈ ದೂರಿನಲ್ಲಿ ಹುರುಳಿಲ್ಲದಿಲ್ಲ. ಊರಿನ ಪೊಲೀಸರ ಪ್ರಸಂಗಗಳು ಕಥೆಯ ಓಟಕ್ಕೆ ತೊಡಕಾಗುತ್ತವೆ. ಆದರೆ ಗಂಡಹೆಂಡಿರು ಹೆಣವೊಂದನ್ನು ಮುಂದಿಟ್ಟುಕೊಂಡು ಮನೆವಾರ್ತೆಯ ಜಗಳ ಮುಂದುವರಿಸುವಾಗ ಆ ಬೆರಕೆಯೇ ಚಿತ್ರದ ಬಲವಾಗುತ್ತದೆ.

ಹೆಣ್ಣಿನ ಬಿಡುಗಡೆಯ ಕಥೆಯೆಂದು ಹಲವರು ಚಿತ್ರವನ್ನು ಓದಿದರು. ಅಂತ್ಯ ಅಷ್ಟು ಸರಳವಾಗಿಲ್ಲ. ಮುಂದಿನ ದಾರಿಯನ್ನು ಆನ್ ತಾನೇ ಆರಿಸಬೇಕಾದ ಗಳಿಗೆಯಲ್ಲಿ ಜೇಕಬ್ ಮಧ್ಯೆ ನುಗ್ಗಿ ಮಾಸ್ಟರ್‌ನನ್ನು ಕೊಲ್ಲುತ್ತಾನೆ. ಪತ್ನಿಯನ್ನು ಉಳಿಸಿದೆನೆಂಬ ಭಾವ ಅವನದು. ತನ್ನ ನಿರ್ಧಾರವನ್ನು ಮತ್ತೆ ಅವನೇ ಕೈಗೊಂಡನೆಂಬ ಸಿಟ್ಟು ಅವಳದು. ಇಬ್ಬರೂ ಎದುರುಬದುರಾಗಿ ನಿಂತಿರುವಾಗಲೇ ತೆರೆ ಕಪ್ಪಾಗುತ್ತದೆ.