ಆಸ್ಪತ್ರೆಯಲ್ಲಿ ಸ್ಟ್ರೆಚರ್ ತಳ್ಳುವ ಕೆಲಸಕ್ಕೆ ಸೇರ್ತಿದ್ದೀರಾ? ಸೊಂಟ ಉಳಿಸಿಕೊಳ್ಳಲು ಇದು ಗೊತ್ತಿರಲಿ

ಪುಣೆಯ ಹಿಂಜವಡಿ ಐಟಿ ಪಾರ್ಕ್‌ಗೆ ಅಂಟಿಕೊಂಡಂತಿರುವ ವಾಕಡದಲ್ಲಿ ಅಪಾರ್ಟ್‌ಮೆಂಟ್‌ಗಳ ಜೊತೆಗೆ ಖಾಸಗಿ ಆಸ್ಪತ್ರೆಗಳೂ ಬೆಳೆದಿವೆ. ಉತ್ತರ ಕರ್ನಾಟಕದಿಂದ ಕೆಲಸ ಹುಡುಕಿ ಪುಣೆಗೆ ಬರುವವರಿಗೆ ರೋಗಿಗಳನ್ನು ವಾರ್ಡ್‌ನಿಂದ ಸ್ಕ್ಯಾನಿಂಗ್‌ಗೆ, ಆಪರೇಷನ್ ಥಿಯೇಟರ್‌ಗೆ ಕರೆದೊಯ್ಯುವ ಕೆಲಸವೂ ಒಂದು ದಾರಿ. ಮಹಾರಾಷ್ಟ್ರದ ಆಸ್ಪತ್ರೆಗಳಲ್ಲಿ ಇವರನ್ನು 'ಮಾಮಾ', 'ಮಾವಶಿ' ಎಂದು ಕರೆಯುವುದು ರೂಢಿ.

ಗಟ್ಟಿಮುಟ್ಟಾಗಿದ್ದರೆ ಸಾಕು ಎಂದು ಹಲವರು ಭಾವಿಸುತ್ತಾರೆ. ಆದರೆ ಈ ಕೆಲಸದಲ್ಲಿ ಸೊಂಟ ಕೆಡುವುದು ಬಲ ಕಡಿಮೆಯಾಗಿ ಅಲ್ಲ, ಒಬ್ಬರೇ ಎತ್ತಲು ಹೋಗಿ.

ದೇಹಕ್ಕೆ ಎಷ್ಟು ಶ್ರಮ?

8 ಅಥವಾ 12 ಗಂಟೆಯ ಪಾಳಿಯಲ್ಲಿ ಬಹುಪಾಲು ಸಮಯ ಕಾಲ ಮೇಲೆಯೇ ಇರಬೇಕು. ಸ್ಟ್ರೆಚರ್, ವೀಲ್‌ಚೇರ್ ಜೊತೆಗೆ ಆಕ್ಸಿಜನ್ ಸಿಲಿಂಡರ್, ಡ್ರಿಪ್ ಸ್ಟ್ಯಾಂಡ್ ಕೂಡ ಸಾಗಿಸಬೇಕಾಗುತ್ತದೆ. ಆದರೂ ನಡೆಯುವುದು, ತಳ್ಳುವುದಕ್ಕಿಂತ ಹೆಚ್ಚು ಅಪಾಯ ಇರುವುದು ಹಾಸಿಗೆಯಿಂದ ಸ್ಟ್ರೆಚರ್‌ಗೆ ರೋಗಿಯನ್ನು ಬದಲಿಸುವ ಆ ಒಂದೆರಡು ನಿಮಿಷದಲ್ಲಿ.

16 ಕೆ.ಜಿ. ಲೆಕ್ಕ

ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್‌ನ ತಜ್ಞರ ಲೆಕ್ಕದಂತೆ, ಅನುಕೂಲಕರ ಸ್ಥಿತಿಯಲ್ಲೂ ರೋಗಿಯನ್ನು ಕೈಯಿಂದ ಎತ್ತುವಾಗ ಒಬ್ಬರ ಮೇಲೆ ಬೀಳುವ ಭಾರ ಸುಮಾರು 16 ಕೆ.ಜಿ. ಮೀರಬಾರದು. ಪೆಟ್ಟಿಗೆಯಂಥ ವಸ್ತುವಿಗೆ ಇದೇ ಸಂಸ್ಥೆ ಇಟ್ಟುಕೊಂಡಿರುವ ಗರಿಷ್ಠ ಮಿತಿ 23 ಕೆ.ಜಿ. ಪೆಟ್ಟಿಗೆಗೆ ಹಿಡಿಕೆ ಇರುತ್ತದೆ, ಅದು ಅಲುಗಾಡುವುದಿಲ್ಲ. ರೋಗಿ ನೋವಿನಿಂದ ತಟ್ಟನೆ ತಿರುಗಬಹುದು, ಜಾರಬಹುದು.

ಮನುಷ್ಯನ ಒಂದು ಕಾಲಿನ ತೂಕ ದೇಹದ ತೂಕದ ಸುಮಾರು ಆರನೇ ಒಂದು ಭಾಗ. ಅಂದರೆ 100 ಕೆ.ಜಿ. ತೂಕದ ರೋಗಿಯ ಒಂದು ಕಾಲು ಎತ್ತಿದರೇ ಈ ಮಿತಿ ಮುಟ್ಟಿದಂತೆ! ಪೂರ್ತಿ ದೇಹವನ್ನು ಒಬ್ಬರೇ ಎತ್ತುವ ಮಾತೇ ಇಲ್ಲ.

ಸರಿಯಾದ ವಿಧಾನ ಯಾವುದು?

* ಮೊದಲು ಹಾಸಿಗೆ ಮತ್ತು ಸ್ಟ್ರೆಚರ್ ಎರಡರ ಬ್ರೇಕ್ ಹಾಕಿ, ಎತ್ತರ ಸಮ ಮಾಡಿಕೊಳ್ಳಿ.
* ಎತ್ತುವ ಬದಲು ಜಾರಿಸಿ. ಸ್ಲೈಡ್ ಶೀಟ್ ಅಥವಾ ಟ್ರಾನ್ಸ್‌ಫರ್ ಬೋರ್ಡ್ ಇದ್ದರೆ ಭಾರ ಬಹಳ ಕಡಿಮೆಯಾಗುತ್ತದೆ.
* ಸೊಂಟ ಬಗ್ಗಿಸಬೇಡಿ, ಮೊಣಕಾಲು ಮಡಚಿ. ಭಾರ ಹಿಡಿದು ಸೊಂಟ ತಿರುಚಬೇಡಿ, ಪಾದವನ್ನೇ ತಿರುಗಿಸಿ.
* 'ಏಕ್, ದೋನ್, ತೀನ್' ಎನ್ನುವಾಗ 'ತೀನ್'ಗೇ ಎತ್ತಬೇಕೋ, ಅದಾದ ಮೇಲೋ ಎಂದು ಮೊದಲೇ ಮಾತಾಡಿಕೊಳ್ಳಿ. ಒಬ್ಬರು ಮುಂಚೆ ಎತ್ತಿದರೆ ಪೂರ್ತಿ ಭಾರ ಅವರ ಮೇಲೆಯೇ.
* ಸ್ಟ್ರೆಚರ್ ಎಳೆಯುವುದಕ್ಕಿಂತ ತಳ್ಳುವುದು ಒಳ್ಳೆಯದು. ಇಳಿಜಾರಿನಲ್ಲಿ ವೀಲ್‌ಚೇರ್ ಅನ್ನು ಹಿಮ್ಮುಖವಾಗಿ ಇಳಿಸಿ.
* ಬೆನ್ನುಮೂಳೆಗೆ ಪೆಟ್ಟಾದ ಶಂಕೆ ಇದ್ದರೆ ವೈದ್ಯರು ಅಥವಾ ನರ್ಸ್ ಹೇಳುವವರೆಗೂ ಮುಟ್ಟಬೇಡಿ.

ಈ ಲಕ್ಷಣ ಕಡೆಗಣಿಸಬೇಡಿ

ಸೊಂಟದಿಂದ ಕಾಲಿಗೆ ಹರಿಯುವ ನೋವು, ಜೋಮು ಕಂಡರೆ ವೈದ್ಯರಿಗೆ ತೋರಿಸಿ. ಕಾಲು ಬಲ ಕಳೆದುಕೊಂಡರೆ, ಮೂತ್ರದ ಹಿಡಿತ ತಪ್ಪಿದರೆ ಅದು ತುರ್ತು ಸ್ಥಿತಿ. ನೋವು ನಿವಾರಕ ನುಂಗಿ ಪಾಳಿ ಮುಗಿಸಬೇಡಿ.

ಸೇರುವ ಮುನ್ನ ಕೇಳಿ

ಒಂದು ಪಾಳಿಗೆ ಎಷ್ಟು ಜನ ಇರುತ್ತಾರೆ? ಸ್ಲೈಡ್ ಶೀಟ್ ಇದೆಯೇ? ತರಬೇತಿ ಕೊಡುತ್ತಾರೆಯೇ? ಹೆಪಟೈಟಿಸ್-ಬಿ ಲಸಿಕೆಯ 3 ಡೋಸ್ ಹಾಕಿಸುತ್ತಾರೆಯೇ? ಗುತ್ತಿಗೆ ಏಜೆನ್ಸಿ ಮೂಲಕ ಸೇರುವುದಾದರೆ ಇಎಸ್‌ಐ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಇಎಸ್‌ಐ ಇದ್ದರೆ ಕೆಲಸದಲ್ಲಿ ಆದ ಗಾಯಕ್ಕೆ ಚಿಕಿತ್ಸೆ ಸಿಗುತ್ತದೆ, ದುಡಿಯಲಾಗದ ದಿನಗಳಿಗೆ ವೇತನದ ಶೇ.90ರಷ್ಟು ಹಣವೂ ಬರುತ್ತದೆ.

ನೀವು ರೋಗಿಯ ಕಡೆಯವರಾಗಿದ್ದರೆ ಒಂದು ಮಾತು. ನಿಮ್ಮವರನ್ನು ಎತ್ತಲು ಮಾಮಾ ಒಬ್ಬರೇ ಬಂದರೆ ಅವಸರಿಸಬೇಡಿ. ಇನ್ನೊಬ್ಬರನ್ನು ಕಳುಹಿಸಿ ಎಂದು ನರ್ಸ್‌ಗೆ ಹೇಳಿ. ಐದು ನಿಮಿಷ ತಡವಾಗಬಹುದು, ಆದರೆ ರೋಗಿ ಬೀಳುವುದಿಲ್ಲ, ಅವರ ಸೊಂಟವೂ ಉಳಿಯುತ್ತದೆ.