ಸುಜನಸುತ: ಬೈಲಹೊಂಗಲದ ಕೆ.ಜಿ. ಗಿಂಡೆ

ಹಿಂದೂಸ್ತಾನಿ ಸಂಗೀತಕ್ಕೆ ಕನ್ನಡ ನಾಡು ನೀಡಿದ ಕಾಣಿಕೆಯನ್ನು ನೆನೆಯುವಾಗ ನಮ್ಮ ನಾಲಗೆಗೆ ಮೊದಲು ಬರುವ ಹೆಸರುಗಳು ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಭೀಮಸೇನ ಜೋಶಿ, ಕುಮಾರ ಗಂಧರ್ವ. ಇವರೆಲ್ಲರೂ ವೇದಿಕೆಯನ್ನು ಆಳಿದವರು. ಪಾಠದ ಕೋಣೆಯನ್ನೇ ತಮ್ಮ ನೆಲೆಯಾಗಿಸಿಕೊಂಡು ಸಂಗೀತದ ಭಂಡಾರವನ್ನು ಕಾಯ್ದವರನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಪಂಡಿತ ಕೃಷ್ಣ ಗುಂಡೋಪಂತ ಗಿಂಡೆಯವರು ಅಂಥವರಲ್ಲಿ ಅಗ್ರಗಣ್ಯರು.

ಗಿಂಡೆಯವರು ಹುಟ್ಟಿದ್ದು 1925ರ ಡಿಸೆಂಬರ್ 26ರಂದು, ಬೆಳಗಾವಿ ಜಿಲ್ಲೆಯ ಬೈಲಹೊಂಗಲದಲ್ಲಿ. ಅದೇ ಜಿಲ್ಲೆಯ ಸುಳೇಭಾವಿಯಲ್ಲಿ ಹಿಂದಿನ ವರ್ಷವಷ್ಟೇ ಕುಮಾರ ಗಂಧರ್ವರು ಹುಟ್ಟಿದ್ದರು. ಇಬ್ಬರೂ ಬಾಲ್ಯದಲ್ಲಿಯೇ ಊರು ಬಿಟ್ಟು ಗುರುವನ್ನು ಅರಸಿ ಹೋದವರು. ಕುಮಾರರು ಮುಂಬೈಯಲ್ಲಿ ಬಿ.ಆರ್. ದೇವಧರರನ್ನು ಸೇರಿದರೆ, ಗಿಂಡೆಯವರು 1936ರಲ್ಲಿ ದೂರದ ಲಖನೌಗೆ ಹೋಗಿ ಎಸ್.ಎನ್. ರಾತಂಜನಕರರ ಆಶ್ರಯ ಪಡೆದರು. ಭಾತಖಂಡೆಯವರು 1926ರಲ್ಲಿ ಸ್ಥಾಪಿಸಿದ ಅಲ್ಲಿನ ಮ್ಯಾರಿಸ್ ಸಂಗೀತ ಕಾಲೇಜಿಗೆ ಆಗ ರಾತಂಜನಕರರೇ ಪ್ರಾಂಶುಪಾಲರು. ಕಾಲೇಜಿನ ಕ್ರಮಬದ್ಧ ಶಿಕ್ಷಣ, ಗುರುಗೃಹದ ವಾಸ ಎರಡೂ ಬಾಲಕ ಗಿಂಡೆಗೆ ಒಟ್ಟಿಗೇ ಒದಗಿದವು.

ರಾತಂಜನಕರರು ಗಾಯಕರಷ್ಟೇ ಅಲ್ಲ, ದೊಡ್ಡ ವಾಗ್ಗೇಯಕಾರರೂ ಹೌದು. ‘ಸುಜನ’ ಎಂಬ ಮುದ್ರೆಯಲ್ಲಿ ಅವರು ರಚಿಸಿದ ಬಂದಿಶ್‌ಗಳು ‘ಅಭಿನವ ಗೀತಮಂಜರಿ’ಯ ಸಂಪುಟಗಳಲ್ಲಿ ಸೇರಿವೆ. ಮುಂದೆ ಗಿಂಡೆಯವರು ತಾವೂ ಬಂದಿಶ್‌ಗಳನ್ನು ರಚಿಸಿದಾಗ ಇಟ್ಟುಕೊಂಡ ಮುದ್ರೆ ‘ಸುಜನಸುತ’; ಎಂದರೆ ಸುಜನನ ಮಗ. ಕನ್ನಡಿಗರಾದ ನಮಗೆ ಇದು ಅಪರಿಚಿತ ನಡೆಯಲ್ಲ. ವಿಜಯದಾಸರಿಂದ ‘ಗೋಪಾಲವಿಠಲ’ ಎಂಬ ಅಂಕಿತ ಪಡೆದು ಭಾಗಣ್ಣನು ಗೋಪಾಲದಾಸನಾದ ಕಥೆಯನ್ನು ನಾವು ಬಲ್ಲೆವು. ದಾಸರ ಅಂಕಿತದಲ್ಲಿ ದೈವದ ಹೆಸರಿದೆ; ಗಿಂಡೆಯವರ ಅಂಕಿತದಲ್ಲಿರುವುದು ಗುರುವಿನ ಹೆಸರು.

ಗಿಂಡೆಯವರು 1951ರಲ್ಲಿ ಮುಂಬೈಗೆ ಬಂದರು. ಬೆಂಗಳೂರಿನಲ್ಲಿ ಹುಟ್ಟಿ, ರಾತಂಜನಕರರಲ್ಲಿಯೇ ಕಲಿತ ಚಿದಾನಂದ ನಗರಕರ್ ಆಗ ಭಾರತೀಯ ವಿದ್ಯಾಭವನದ ಸಂಗೀತ ಶಿಕ್ಷಾಪೀಠವನ್ನು ನಡೆಸುತ್ತಿದ್ದರು. ಗಿಂಡೆಯವರು ಅಲ್ಲಿ ಅಧ್ಯಾಪಕರಾದರು. ಅದೇ ಗುರುವಿನ ಶಿಷ್ಯರಾದ ಎಸ್.ಸಿ.ಆರ್. ಭಟ್ಟರೊಡನೆ ಅವರು ನಡೆಸಿದ ಜೋಡಿ ಗಾಯನ ರಸಿಕರಿಗೆ ಚಿರಪರಿಚಿತ. ಮತ್ತೊಬ್ಬ ಗುರುಬಂಧು, ‘ದಿನರಂಗ’ ಮುದ್ರೆಯ ವಾಗ್ಗೇಯಕಾರ ದಿನಕರ ಕಾಯ್ಕಿಣಿಯವರ ಕುಲನಾಮದಲ್ಲಿಯೇ ಭಟ್ಕಳದ ಬಳಿಯ ಊರೊಂದರ ಹೆಸರಿದೆ. ಹೀಗೆ ಲಖನೌದ ವಿದ್ಯೆ ಕನ್ನಡ ನೆಲದ ಮಕ್ಕಳ ಮೂಲಕ ಮುಂಬೈಯಲ್ಲಿ ಬೇರೂರಿತು. 1962ರಲ್ಲಿ ಗಿಂಡೆಯವರು ಸ್ವಾಮಿ ವಲ್ಲಭದಾಸರು ಸ್ಥಾಪಿಸಿದ ಶೀವ್‌ನ ವಲ್ಲಭ ಸಂಗೀತಾಲಯದ ಪ್ರಾಂಶುಪಾಲರಾದರು. ಮುಂದಿನ ಮೂರು ದಶಕಗಳ ಅವರ ಬದುಕು ಆ ಪಾಠಶಾಲೆಯೊಂದಿಗೆ ಹೆಣೆದುಕೊಂಡಿತು.

ಅವರು ಕಾಯ್ದ ಭಂಡಾರವಾದರೂ ಎಂಥದು? ಬಂದಿಶ್ ಎಂದರೆ ಸ್ಥಾಯಿ, ಅಂತರಾಗಳ ಕೆಲವೇ ಸಾಲುಗಳ ಪುಟ್ಟ ರಚನೆ. ಆದರೆ ರಾಗದ ನಡೆ ಹೇಗಿರಬೇಕೆಂಬುದಕ್ಕೆ ಪರಂಪರೆ ಉಳಿಸಿಕೊಂಡಿರುವ ಪ್ರಮಾಣವೇ ಅದು. ಕಾನಡಾ ಗುಂಪಿನ ರಾಗಗಳನ್ನೇ ನೋಡೋಣ. ಆ ಹೆಸರಿನಲ್ಲಿಯೇ ಕರ್ಣಾಟದ ನೆನಪಿದೆ ಎನ್ನುತ್ತಾರೆ. ದರ್ಬಾರಿ, ಅಡಾಣಾಗಳಲ್ಲಿ ಸ್ವರಗಳು ಬಹುಮಟ್ಟಿಗೆ ಅವೇ. ದರ್ಬಾರಿಯಾದರೋ ಮಂದ್ರದಲ್ಲಿ ನೆಲೆನಿಂತು ಕೋಮಲ ಗಾಂಧಾರವನ್ನು ನಿಧಾನವಾಗಿ ತೂಗುತ್ತದೆ. ಅಡಾಣಾ ತಾರಷಡ್ಜದ ಕಡೆಗೆ ಚುರುಕಾಗಿ ಏರುತ್ತದೆ. ಭಾತಖಂಡೆಯವರ ಸ್ವರಲಿಪಿ ಗಾಂಧಾರವನ್ನು ಕಾಗದದ ಮೇಲೆ ಗುರುತಿಸಬಲ್ಲದು. ಅದರ ತೂಗಾಟವನ್ನು ಪೂರ್ತಿಯಾಗಿ ಬರೆಯಲಾರದು. ಆ ಕೊರತೆಯನ್ನು ತುಂಬಬೇಕಾದದ್ದು ಗುರುಮುಖದಿಂದ ಕೇಳಿದ ಕಂಠವೇ. ಗಿಂಡೆಯವರು ಅಂಥ ಕಂಠವಾಗಿದ್ದರು. ಧ್ರುಪದ, ಧಮಾರ್, ಖಯಾಲ್‌ಗಳ ನೂರಾರು ರಚನೆಗಳು ಅವರ ಸ್ಮೃತಿಯಲ್ಲಿದ್ದವು. ಅವರ ಸೋದಾಹರಣ ಉಪನ್ಯಾಸಗಳ ಧ್ವನಿಮುದ್ರಿಕೆಗಳನ್ನು ವಿದ್ಯಾರ್ಥಿಗಳು ಇಂದಿಗೂ ಕೇಳಿ ಕಲಿಯುತ್ತಾರೆ.

ಗುರುವಿನ ಹೆಸರಿನೊಳಗೆ ತನ್ನ ಹೆಸರನ್ನು ಅಡಗಿಸಿಕೊಂಡವನು ಸ್ವಂತಿಕೆಯನ್ನು ಬಿಟ್ಟುಕೊಟ್ಟನೇ ಎಂಬ ಪ್ರಶ್ನೆ ಇಲ್ಲಿ ಏಳದಿರದು. ಕುಮಾರ ಗಂಧರ್ವರು ಘರಾಣೆಯ ಗಡಿ ದಾಟಿ ಹೊಸ ದಾರಿ ತೆರೆದರು. ಆ ದಾರಿ ಹೊಸತೆಂದು ನಾವು ಗುರುತಿಸಬೇಕಾದರೆ ಹಳೆಯದು ಯಾರ ಬಳಿಯಾದರೂ ಮುಕ್ಕಾಗದೆ ಉಳಿದಿರಬೇಕು. ಮಗನೆನಿಸಿಕೊಳ್ಳುವುದೆಂದರೆ ಆಸ್ತಿಯ ಹಕ್ಕು ಮಾತ್ರವಲ್ಲ, ಅದನ್ನು ಮುಂದಿನವರಿಗೆ ಒಪ್ಪಿಸುವ ಹೊಣೆಯೂ ಹೌದು. ಗಿಂಡೆಯವರು ಹೊಸ ಬಂದಿಶ್ ಕಟ್ಟುವಾಗಲೂ ಆ ಹೊಣೆಯನ್ನು ಮರೆಯಲಿಲ್ಲ ಎಂಬುದಕ್ಕೆ ಅವರ ಮುದ್ರೆಯೇ ಸಾಕ್ಷಿ.

1994ರ ಜುಲೈ 13ರಂದು ಅವರು ಕೊಲ್ಕತ್ತಾದಲ್ಲಿ ತೀರಿಕೊಂಡರು. ಮುಂಬೈ ಕನ್ನಡಿಗರ ಚರಿತ್ರೆಯೆಂದರೆ ನಾವು ಹೋಟೆಲು, ರಾತ್ರಿಶಾಲೆ, ಯಕ್ಷಗಾನ, ಸಾಹಿತ್ಯ ಇಷ್ಟನ್ನೇ ಬರೆದುಕೊಳ್ಳುತ್ತೇವೆ. ನಮ್ಮ ಸಾಂತಾಕ್ರೂಜ್‌ನ ಪೂರ್ವಕ್ಕೆ, ಕಲಿನಾದಲ್ಲಿ, ವಿಶ್ವವಿದ್ಯಾಲಯದ ಕನ್ನಡ ವಿಭಾಗವಿದೆ. ಪಶ್ಚಿಮಕ್ಕೆ ಸಾರಸ್ವತ ಕಾಲನಿಯಿದೆ. ಇಲ್ಲಿಂದ ದಾದರಿಗೆ ಹೋಗಿ ಗಾಡಿ ಬದಲಿಸಿದರೆ ಶೀವ್ ದೂರವೇನಲ್ಲ. ಅಷ್ಟು ಸಮೀಪದಲ್ಲಿ ಬೈಲಹೊಂಗಲದ ಒಬ್ಬರು ಮೂರು ದಶಕ ಕುಳಿತು ಕಲಿಸಿದ್ದೂ ನಮ್ಮದೇ ಚರಿತ್ರೆ. ಅದನ್ನು ಬರೆದಿಡುವ ಹೊಣೆ, ಅವರ ಕಂಠವನ್ನು ಕೇಳಿದವರು ನಮ್ಮ ನಡುವೆ ಇರುವಾಗಲೇ, ನಮ್ಮ ಮೇಲಿದೆ.