ಬಯಲನ್ನು ಅಳೆದ ಶಿಲ್ಪಿ

ಶಿಲ್ಪವೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಬಹುಮಂದಿಯ ಮನಸ್ಸಿನಲ್ಲಿ ಮೂಡುವುದು ಕಲ್ಲಿನಲ್ಲಿ ಕಡೆದ ಒಂದು ವಿಗ್ರಹ. ಉಳಿಯ ಏಟಿಗೆ ಬೇಡವಾದುದು ಸಿಡಿದುಹೋಗಿ ಬೇಕಾದುದು ಘನವಾಗಿ ನಿಲ್ಲುತ್ತದೆ. ಅದರ ಸುತ್ತಣ ಬಯಲನ್ನು ಯಾರೂ ಗಣನೆಗೆ ತಾರರು. ವಿಗ್ರಹವು ಎಲ್ಲಿ ಮುಗಿಯುವುದೋ ಅಲ್ಲಿಗೆ ಶಿಲ್ಪಿಯ ಕೆಲಸವೂ ಮುಗಿಯಿತೆಂಬುದು ಸಾಮಾನ್ಯವಾದ ನಂಬಿಕೆ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಯೂರೋಪಿನ ಕೆಲವು ಕಲಾವಿದರು ಈ ನಂಬಿಕೆಯನ್ನೇ ಪ್ರಶ್ನಿಸಿದರು. ಅವರಲ್ಲಿ ಈ ವಿಚಾರವನ್ನು ಗಣಿತದ ನಿಷ್ಠೆಯಿಂದ ಕೊನೆಮುಟ್ಟ ನಡೆಸಿದವಳು ಕಟಾಜಿನಾ ಕೋಬ್ರೊ ಎಂಬ ಮಹಿಳೆ. ಈಕೆಯ ಹೆಸರು ನಮ್ಮ ಕಡೆ ಅಷ್ಟಾಗಿ ಪರಿಚಿತವಲ್ಲ. ಆಕೆ ಕಂಡುಕೊಂಡ ತತ್ತ್ವವನ್ನೂ, ಆಕೆಯ ಕೃತಿಗಳಿಗೆ ಒದಗಿದ ಗತಿಯನ್ನೂ ಸಂಗ್ರಹವಾಗಿ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಕೋಬ್ರೊ ಹುಟ್ಟಿದುದು ೧೮೯೮ನೆಯ ಇಸವಿ ಜನವರಿ ೨೬ರಂದು, ಮಾಸ್ಕೋ ನಗರದಲ್ಲಿ. ತಂದೆಯ ಮನೆತನ ಬಾಲ್ಟಿಕ್ ಕರಾವಳಿಯ ಜರ್ಮನರದು, ತಾಯಿ ರಷ್ಯನಳು. ಬಾಲ್ಯವು ರೀಗಾ ಪಟ್ಟಣದಲ್ಲಿ ಕಳೆಯಿತು. ಮೊದಲನೆಯ ಮಹಾಯುದ್ಧದ ಹಾವಳಿಯ ನಡುವೆ, ೧೯೧೫ರಲ್ಲಿ, ಕುಟುಂಬವು ಮಾಸ್ಕೋವಿಗೆ ಮರಳಿತು. ೧೯೧೭ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಆಕೆ ಅಲ್ಲಿಯ ಚಿತ್ರಕಲೆ, ಶಿಲ್ಪ ಮತ್ತು ವಾಸ್ತುವಿದ್ಯೆಯ ಶಾಲೆಯನ್ನು ಸೇರಿದಳು.

ಅದು ಸಾಮಾನ್ಯವಾದ ವರ್ಷವಲ್ಲ. ಚಕ್ರಾಧಿಪತ್ಯ ಉರುಳಿ ಕ್ರಾಂತಿ ನಡೆದುಹೋದ ವರ್ಷ. ಮರುವರ್ಷವೇ ಆ ಶಾಲೆ ತನ್ನ ಹಳೆಯ ಹೆಸರನ್ನು ಕಳೆದುಕೊಂಡು ಸರ್ಕಾರದ ಸ್ವತಂತ್ರ ಕಲಾ ಕಾರ್ಯಾಗಾರವಾಯಿತು. ಪ್ರವೇಶ ಪರೀಕ್ಷೆಗಳು ರದ್ದಾದುವು; ಯಾರ ಬಳಿ ಕಲಿಯಬೇಕೆಂಬುದನ್ನು ವಿದ್ಯಾರ್ಥಿಗಳೇ ಆರಿಸಿಕೊಳ್ಳಬಹುದೆಂದಾಯಿತು. ಮಾಲೆವಿಚ್ ಎಂಬ ಚಿತ್ರಕಾರನು ೧೯೧೫ರಲ್ಲೇ ಬಿಳಿಯ ಹಿನ್ನೆಲೆಯ ಮೇಲೆ ಒಂದು ಕರಿಯ ಚೌಕವನ್ನು ಬರೆದು, ಚಿತ್ರಕ್ಕೆ ಇಷ್ಟೇ ಸಾಕೆಂದು ಸಾರಿದ್ದನು. ತಾತ್ಲಿನ್ ಎಂಬ ಮತ್ತೊಬ್ಬನು ತಗಡು, ಮರ, ತಂತಿಗಳನ್ನು ಜೋಡಿಸಿ ಕೋಣೆಯ ಮೂಲೆಯಲ್ಲಿ ಗೋಡೆಯಿಂದ ಗೋಡೆಗೆ ತೂಗುಹಾಕಿದ್ದನು. ಹೊಟ್ಟೆಗೆ ರೊಟ್ಟಿ ದುರ್ಲಭವಾಗಿದ್ದ, ಚಳಿಗೆ ಸೌದೆ ದೊರೆಯದಿದ್ದ ಆ ದಿನಗಳಲ್ಲಿ, ರೂಪವೆಂದರೇನು, ಬಣ್ಣವೆಂದರೇನು ಎಂಬ ಮೂಲ ಪ್ರಶ್ನೆಗಳನ್ನು ತರುಣರು ಹೀಗೆ ಎತ್ತಿಕೊಂಡುದು ಆಶ್ಚರ್ಯದ ಸಂಗತಿ. ಕೋಬ್ರೊ ತನ್ನ ಪ್ರಶ್ನೆಯನ್ನು ಕಲಿತುದು ಅಲ್ಲಿಯೇ. ಆ ಕಾಲಕ್ಕೆ ಸಮೀಪದಲ್ಲಿ ಆಕೆ ರಚಿಸಿದ ಕೆಲವು ಕೃತಿಗಳಿಗೆ ಪೀಠವೇ ಇರಲಿಲ್ಲ. ಅವು ಗಾಳಿಯಲ್ಲಿ ತೂಗುತ್ತಿದ್ದುವು. ಮೂಲ ಕೃತಿಗಳು ನಷ್ಟವಾಗಿವೆ. ಮುಂದಿನವರು ಪುನಃ ರಚಿಸಿದ ಪ್ರತಿರೂಪಗಳಿಂದಲೇ ಅವುಗಳ ಸ್ವರೂಪವನ್ನು ಊಹಿಸಬೇಕು.

೧೯೨೦ರಲ್ಲಿ ಆಕೆ ಸ್ಮೊಲೆನ್ಸ್ಕ್ ಪಟ್ಟಣಕ್ಕೆ ಹೋದಳು. ಅಲ್ಲಿ ವ್ಲಾದಿಸ್ಲಾವ್ ಸ್ತ್ರೆಮಿನ್ಸ್ಕಿ ಎಂಬ ಚಿತ್ರಕಾರನೊಡನೆ ವಿವಾಹವಾಯಿತು. ಈತನು ಯುದ್ಧದಲ್ಲಿ ಒಂದು ಕೈಯನ್ನೂ ಒಂದು ಕಾಲನ್ನೂ ಕಳೆದುಕೊಂಡವನು. ೧೯೨೨ರ ಸುಮಾರಿಗೆ ದಂಪತಿಗಳು ಗಡಿ ದಾಟಿ ಪೋಲೆಂಡಿಗೆ ಬಂದರು. ಅಲ್ಲಿ ಶಾಲೆಗಳಲ್ಲಿ ಪಾಠ ಹೇಳಿ ಜೀವನ ಸಾಗಿಸುತ್ತ, ಹೊಸ ಕಲೆಯ ಗೋಷ್ಠಿಗಳಲ್ಲಿ ಸೇರಿ ದುಡಿದರು. ೧೯೩೧ರಲ್ಲಿ ಇಬ್ಬರೂ ಕೂಡಿ ಅವಕಾಶದ ರಚನೆಯನ್ನು ಕುರಿತ ಒಂದು ಗ್ರಂಥವನ್ನು ಪ್ರಕಟಿಸಿದರು. ಕೋಬ್ರೊಳ ತತ್ತ್ವವೆಲ್ಲ ಅದರಲ್ಲಿ ಅಡಕವಾಗಿದೆ.

ಆ ತತ್ತ್ವವನ್ನು ಸರಳವಾಗಿ ಹೇಳುವುದಾದರೆ ಹೀಗೆ. ಅವಕಾಶ, ಎಂದರೆ ಬಯಲು, ಎಲ್ಲೆಡೆಯೂ ಒಂದೇ ಸಮನಾಗಿದೆ. ಅದಕ್ಕೆ ನಡುವಿಲ್ಲ, ಅಂಚಿಲ್ಲ. ಘನವಾದ ವಿಗ್ರಹವು ಈ ಬಯಲನ್ನು ಒಳಗು ಹೊರಗುಗಳೆಂದು ಸೀಳಿಬಿಡುತ್ತದೆ. ಹಾಗೆ ಸೀಳದೆ, ಬಯಲಿನೊಳಗೆ ಬಯಲು ಹರಿಯುವಂತೆ ಶಿಲ್ಪವನ್ನು ಕಟ್ಟಬೇಕು. ಆದುದರಿಂದ ಆಕೆ ಗಟ್ಟಿಯಾದ ಮುದ್ದೆಯನ್ನು ಕೈಬಿಟ್ಟು ಉಕ್ಕಿನ ತೆಳುವಾದ ಹಲಗೆಗಳನ್ನು ಹಿಡಿದಳು. ನೆಟ್ಟಗಿನ ಹಲಗೆ, ಮಲಗಿದ ಹಲಗೆ, ಅಲ್ಲಲ್ಲಿ ಬಾಗಿದ ಹಲಗೆ. ಇವುಗಳ ನಡುವಣ ತೆರಪೇ ಶಿಲ್ಪದ ಮುಖ್ಯ ಭಾಗ. ಇಂತಹ ಕೃತಿಯನ್ನು ಒಂದೇ ಕಡೆಯಿಂದ ಕಂಡು ಮುಗಿಸುವಂತಿಲ್ಲ. ನೋಡುವವನು ಸುತ್ತುಬರಬೇಕು, ಹೆಜ್ಜೆಹೆಜ್ಜೆಗೂ ಹಿಂದಿನ ನೋಟ ಕಳಚಿ ಹೊಸದು ತೆರೆಯಬೇಕು. ಹೀಗೆ ಕಾಲವೂ ಶಿಲ್ಪದೊಳಗೆ ಸೇರಿಬಿಡುತ್ತದೆ.

ಈ ನೋಟಗಳು ಚದರಿಹೋಗದಂತೆ ಹಿಡಿದಿಡುವುದು ಯಾವುದು? ಲೆಕ್ಕವೆಂದು ಆಕೆಯ ಉತ್ತರ. ಒಂದು ಭಾಗಕ್ಕೂ ಇನ್ನೊಂದಕ್ಕೂ ೮ಕ್ಕೆ ೫ರ ಪ್ರಮಾಣವಿರಬೇಕೆಂದು ಆಕೆ ಗೊತ್ತುಮಾಡಿಕೊಂಡಳು. ೧೯೨೯ರಲ್ಲಿ ರಚಿಸಿದ ನಾಲ್ಕನೆಯ ‘ಅವಕಾಶ ರಚನೆ’ಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ಎತ್ತರ ೪೦ ಸೆಂಟಿಮೀಟರು, ಉದ್ದ ೬೪. ನಲವತ್ತನ್ನು ಎಂಟರಿಂದ ಗುಣಿಸಿ ಐದರಿಂದ ಭಾಗಿಸಿದರೆ ಬರುವುದು ಅರವತ್ತನಾಲ್ಕೇ. ಸಂಗೀತದಲ್ಲಿ ತಾಳವು ಹೇಗೋ ಇಲ್ಲಿ ಈ ಪ್ರಮಾಣವು ಹಾಗೆ.

ಇನ್ನು ಬಣ್ಣ. ಆ ರಚನೆಯ ಹಲಗೆಗಳಿಗೆ ಕೆಂಪು, ಹಳದಿ, ನೀಲಿ, ಬಿಳಿ, ಕಪ್ಪು, ಬೂದಿ ಬಣ್ಣಗಳನ್ನು ಬಳಿದಿದೆ. ಇದು ಅಲಂಕಾರವೆಂದು ತಿಳಿಯಬಾರದು. ಒಂದಕ್ಕೊಂದು ತಾಗಿಕೊಂಡಿರುವ ಹಲಗೆಗಳು ಬೇರೆ ಬೇರೆ ಬಣ್ಣವನ್ನು ತಾಳಿದರೆ ಕಣ್ಣು ಅವನ್ನು ಬಿಡಿಸಿ ನೋಡುತ್ತದೆ. ದೂರದಲ್ಲಿರುವ ಎರಡು ಹಲಗೆಗಳು ಒಂದೇ ಬಣ್ಣವನ್ನು ತಾಳಿದರೆ ಕಣ್ಣು ನಡುವಣ ಬಯಲನ್ನು ದಾಟಿ ಅವನ್ನು ಕೂಡಿಸುತ್ತದೆ. ಕಬ್ಬಿಣದ ಬೆಸುಗೆ ಹೇಳುವುದೊಂದು, ಬಣ್ಣ ಹೇಳುವುದು ಮತ್ತೊಂದು. ಹೀಗೆ ವಸ್ತುವಿನ ಘನತ್ವವನ್ನು ಬಣ್ಣವೇ ಒಡೆದು ಬಯಲಿಗೆ ದಾರಿಮಾಡಿಕೊಡುತ್ತದೆ. ಬೇರೆ ಕೆಲವು ರಚನೆಗಳಿಗೆ ಬಿಳಿಯ ಬಣ್ಣವನ್ನು ಮಾತ್ರ ಬಳಿದು, ಅವು ಸುತ್ತಣ ಬೆಳಕಿನೊಡನೆ ಬೆರೆತುಹೋಗುವಂತೆಯೂ ಆಕೆ ಮಾಡಿದ್ದುಂಟು.

ಇಷ್ಟೆಲ್ಲವೂ ಮೇಜಿನ ಮೇಲೆ ಇಡಬಹುದಾದ ಸಣ್ಣ ವಸ್ತುಗಳು. ಆದರೆ ಮನೆ, ಕಾರ್ಖಾನೆ, ಊರುಗಳನ್ನು ಮುಂದೆ ಹೇಗೆ ಕಟ್ಟಬೇಕೆಂಬುದಕ್ಕೆ ಶಿಲ್ಪವು ಪ್ರಯೋಗಶಾಲೆಯಾಗಬೇಕೆಂಬುದು ಆಕೆಯ ಹಂಬಲವಾಗಿತ್ತು.

ಆ ಹಂಬಲಕ್ಕೆ ಕಾಲವು ಅನುಕೂಲವಾಗಲಿಲ್ಲ. ೧೯೩೬ರಲ್ಲಿ ನೀಕಾ ಎಂಬ ಮಗಳು ಹುಟ್ಟಿದಳು; ಮೂರು ವರ್ಷಗಳಲ್ಲಿ ಎರಡನೆಯ ಮಹಾಯುದ್ಧ ಬಂದಿತು. ಮೊದಲು ಪೂರ್ವಕ್ಕೆ ಓಡಿಹೋದ ಕುಟುಂಬವು ೧೯೪೦ರಲ್ಲಿ ತಾವು ನೆಲೆಸಿದ್ದ ಲೋಡ್ಜ್ ನಗರಕ್ಕೆ ಮರಳಿದಾಗ ಅದು ಜರ್ಮನರ ವಶವಾಗಿತ್ತು. ಕೋಬ್ರೊಳ ಶಿಲ್ಪಗಳು ಕಸದ ರಾಶಿಯ ಪಾಲಾಗಿದ್ದುವು. ಸಿಕ್ಕಿದಷ್ಟನ್ನು ಆಕೆ ಹೆಕ್ಕಿ ತಂದಳು. ೧೯೪೫ರ ಚಳಿಗಾಲದಲ್ಲಿ ಮನೆಯಲ್ಲಿ ಸೌದೆಯಿಲ್ಲದೆ, ಮಗುವಿಗೆ ಗಂಜಿ ಕಾಯಿಸಲು ಬೇರೆ ದಾರಿ ಕಾಣದೆ, ಆಕೆ ತನ್ನ ಮರದ ಶಿಲ್ಪಗಳನ್ನು ತಾನೇ ಒಡೆದು ಒಲೆಗೆ ಹಾಕಿದಳು. ಮಗಳು ದೊಡ್ಡವಳಾದ ಮೇಲೆ ಬರೆದ ನೆನಪುಗಳಿಂದ ಇದು ತಿಳಿದುಬರುತ್ತದೆ. ಆಗ ಆ ಮಗುವಿಗೆ ಎಂಟು ವರ್ಷ. ತಾಯಿ ಒಲೆಯ ಮುಂದೆ ಏನನ್ನು ಎಣಿಸಿದಳೋ ನಾವು ಹೇಳಲಾರೆವು. ಆಕೆಯ ಕೆಲಸವನ್ನು ತಪ್ಪೆನ್ನುವವರು ಮಾತ್ರ ಯಾರೂ ಇರಲಾರರು.

ಉಳಿದ ಕೃತಿಗಳು ಅದೇ ವರ್ಷ ಲೋಡ್ಜಿನ ಕಲಾ ಸಂಗ್ರಹಾಲಯಕ್ಕೆ ದಾನವಾಗಿ ಸಂದುವು. ಅವನ್ನಿರಿಸಲೆಂದು ಸ್ತ್ರೆಮಿನ್ಸ್ಕಿ ಬಣ್ಣಬಣ್ಣದ ಚೌಕಗಳ ಗೋಡೆಗಳುಳ್ಳ ಒಂದು ಕೋಣೆಯನ್ನು ಯೋಜಿಸಿದನು. ಅದು ೧೯೪೮ರಲ್ಲಿ ತೆರೆಯಿತು. ಅಷ್ಟರಲ್ಲಿ ದಾಂಪತ್ಯ ಒಡೆದಿತ್ತು. ಯುದ್ಧಕಾಲದಲ್ಲಿ ತನ್ನನ್ನು ರಷ್ಯನಳೆಂದು ಬರೆಸಿದ್ದಳೆಂಬ ಆರೋಪದ ಮೇಲೆ ಕೋಬ್ರೊಳಿಗೆ ಶಿಕ್ಷೆಯಾಗಿ, ಮೇಲಿನ ನ್ಯಾಯಾಲಯದಲ್ಲಿ ಬಿಡುಗಡೆಯಾಯಿತು. ೧೯೫೦ರಲ್ಲಿ, ಅಂತಹ ಕಲೆ ಜನರಿಗೆ ಹೊರಗಿನದೆಂಬ ರಾಜಕೀಯ ಮತವು ಪ್ರಬಲವಾಗಿ, ಆ ಕೋಣೆಯ ಗೋಡೆಗಳಿಗೆ ಬೇರೆ ಬಣ್ಣವನ್ನು ಹೊಡೆದು ಅಳಿಸಿಬಿಟ್ಟರು. ಮರುವರ್ಷ ಫೆಬ್ರವರಿ ೨೧ರಂದು ಕೋಬ್ರೊ ತೀರಿಕೊಂಡಳು. ಆಗ ಆಕೆಗೆ ವಯಸ್ಸು ೫೩.

೧೯೬೦ರಲ್ಲಿ ಸ್ತ್ರೆಮಿನ್ಸ್ಕಿಯ ಶಿಷ್ಯನಾದ ಬೊಲೆಸ್ಲಾವ್ ಉತ್ಕಿನ್ ಆ ಕೋಣೆಯನ್ನು ಮೊದಲಿನಂತೆಯೇ ಮತ್ತೆ ಕಟ್ಟಿದನು. ಕೋಬ್ರೊಳ ಶಿಲ್ಪಗಳಲ್ಲಿ ಉಳಿದಿರುವುವು ಕೆಲವೇ ಕೆಲವು. ಆ ಕೆಲವನ್ನು ನೋಡಿದವರು ಒಂದು ಮಾತನ್ನು ಮರೆಯಬಾರದು: ಉಕ್ಕಿನವು ಉಳಿದುವು, ಮರದವು ಒಂದು ಮಗುವಿನ ಹಸಿವಿಗೆ ಸಂದುವು. ಆಕೆಯ ಕೃತಿಗಳ ಪಟ್ಟಿಯನ್ನು ಬರೆಯುವಾಗ ಎರಡನ್ನೂ ಸೇರಿಸಿಯೇ ಬರೆಯುವುದು ನ್ಯಾಯ.